041 ಹೋಗಿ 41 ಆದ ಸೋಮವಾರ

ನಮ್ಮದು ಬಟ್ಟೆ ಅಂಗಡಿಗಳ ಕಂಪನಿ, ಅಲ್ಲಿ ಪ್ಲಾನಿಂಗ್ ಸಿಸ್ಟಂ ನನ್ನ ಹೊಣೆ. ಸೋಮವಾರ ಒಂಬತ್ತೂವರೆಗೆ ಟ್ರೇಡ್ ಮೀಟಿಂಗ್. ಎಂಟೂಕಾಲಿಗೆ ಓಟಿಬಿ (ಓಪನ್-ಟು-ಬೈ, ಅಂದರೆ ಆಯಾ ತಿಂಗಳಿಗೆ ಇನ್ನೂ ಎಷ್ಟು ಸರಕು ಕೊಳ್ಳಬಹುದು ಅನ್ನುವ ಲೆಕ್ಕ) ಸ್ಕ್ರೀನ್ ತೆಗೆದರೆ ಮಹಿಳೆಯರ ನಿಟ್‌ವೇರ್ ಕೆಂಪಾಗಿ ಕೂತಿತ್ತು. ಸೆಪ್ಟೆಂಬರ್ ಕಾಲಂ ಪೂರ್ತಿ ಮೈನಸ್. ಶುಕ್ರವಾರ ಸಂಜೆ ನಾನು ಮನೆಗೆ ಹೊರಡುವಾಗ ಅದೇ ಕಾಲಂ ಸರಿಯಾಗಿತ್ತು, ಸ್ವಲ್ಪ ಬಜೆಟ್ ಉಳಿದೂ ಇತ್ತು. ಎರಡು ದಿನದಲ್ಲಿ ಇಷ್ಟೊಂದು ಕೊಂಡವರು ಯಾರು?

ಇದು 2024ರ ಏಪ್ರಿಲ್ ಮಾತು. ಮೊದಲು ನನಗೆ ಅನುಮಾನ ಬಂದಿದ್ದು ಕ್ಯಾಲೆಂಡರ್ ಮೇಲೆ. ನಾವು ಪ್ಲಾನ್ ಮಾಡುವುದು 4-5-4 ಕ್ಯಾಲೆಂಡರಿನಲ್ಲಿ. ಅದರ ವರ್ಷ ಫೆಬ್ರವರಿ ಹೊತ್ತಿಗೆ ಶುರುವಾಗುತ್ತದೆ, ಪ್ರತಿ ಮೂರು ತಿಂಗಳಿಗೆ 4, 5, 4 ವಾರ, ಸಾಮಾನ್ಯವಾಗಿ ಒಟ್ಟು 52. ಅದರಲ್ಲಿ 2023ಕ್ಕೆ 53 ವಾರ ಇದ್ದವು. ಹಾಗಾಗಿ 2024ರ 1ನೇ ವಾರವನ್ನು 2023ರ 2ನೇ ವಾರದ ಎದುರು ಇಟ್ಟು ನೋಡಬೇಕು. ಇಲ್ಲದಿದ್ದರೆ ಹೋದ ವರ್ಷದ ಹೋಲಿಕೆ ಒಂದು ವಾರ ಆಚೀಚೆ ಆಗುತ್ತದೆ. ಇದಕ್ಕಾಗಿ ತಿಂಗಳುಗಟ್ಟಲೆ ತಲೆ ಕೆಡಿಸಿಕೊಂಡಿದ್ದೆವು. ಏನೇ ಎಡವಟ್ಟಾದರೂ ಅದೇ ಕಾರಣ ಅಂತ ಮನಸ್ಸಿನಲ್ಲಿ ಕೂತುಬಿಟ್ಟಿತ್ತು. ಇಪ್ಪತ್ತೈದು ನಿಮಿಷ ವಾರದ ಟೇಬಲ್ ಜಾಲಾಡಿದೆ. ಅದರಲ್ಲಿ ಒಂದೂ ತಪ್ಪಿರಲಿಲ್ಲ.

ಆಮೇಲೆ ಬ್ಯಾಚ್ ಲಾಗ್ (ಸಿಸ್ಟಂಗಳ ನಡುವೆ ತಾನಾಗಿ ಫೈಲ್ ಸಾಗಿಸುವ ಜಾಬ್‌ಗಳ ದಾಖಲೆ) ನೋಡಿದೆ. ಶುಕ್ರವಾರ ಸಂಜೆ ನಿಟ್‌ವೇರ್ ಪಿಒಗಳು (ವೆಂಡರಿಗೆ ಕೊಡುವ ಖರೀದಿ ಆರ್ಡರ್‌ಗಳು) ಇಆರ್‌ಪಿಯಲ್ಲಿ, ಅಂದರೆ ಆರ್ಡರ್ ನಡೆಯುವ ಕಂಪನಿಯ ಮುಖ್ಯ ಸಿಸ್ಟಂನಲ್ಲಿ, ರಿಲೀಸ್ ಆಗಿದ್ದವು. ವಾರಾಂತ್ಯದ ಬ್ಯಾಚಿನಲ್ಲಿ ಆನ್-ಆರ್ಡರ್ ಫೈಲ್ (ಆರ್ಡರ್ ಆಗಿ ಇನ್ನೂ ಬರದ ಸರಕಿನ ಪಟ್ಟಿ) ಬಂದಿತ್ತು. ಇಆರ್‌ಪಿ ಕಳಿಸಿದ ಸಾಲುಗಳೂ ಪ್ಲಾನಿಂಗ್‌ನಲ್ಲಿ ಲೋಡ್ ಆದ ಸಾಲುಗಳೂ ಒಂದೇ ಲೆಕ್ಕ. ರಿಜೆಕ್ಟ್ ಸೊನ್ನೆ. ಎಲ್ಲ ಜಾಬ್ ಹಸಿರು. ಗಡಿಯಾರ ನೋಡಿದರೆ ಒಂಬತ್ತು ಇಪ್ಪತ್ತು. ಫೈಲ್ ಸರಿಯಾಗಿದೆ ಅಂದಮೇಲೆ ನಂಬರ್ ಕೂಡ ಸರಿ ಎಂದುಕೊಂಡು ಮೀಟಿಂಗಿಗೆ ಹೋದೆ.

ಆ ಮೀಟಿಂಗಿನ ಹತ್ತು ನಿಮಿಷ ಇವತ್ತಿಗೂ ಮರೆತಿಲ್ಲ. ನಿಟ್‌ವೇರ್ ಬೈಯರ್ ಸ್ಕ್ರೀನ್ ನೋಡಿ, "ಇದು ನನ್ನ ಆರ್ಡರ್ ಅಲ್ಲ. ಪ್ಲಾನಿನಲ್ಲಿ ಎಷ್ಟಿತ್ತೋ ಅಷ್ಟೇ ಕೊಟ್ಟಿದ್ದೇನೆ. ಒಂದು ಪೀಸ್ ಜಾಸ್ತಿ ಇಲ್ಲ" ಅಂದರು. ನಮ್ಮ ಮರ್ಚಂಡೈಸಿಂಗ್ ಹೆಡ್ ನನ್ನ ಕಡೆ ತಿರುಗಿದರು. "ನಂಬರ್ ಕನ್ಫರ್ಮ್ ತಾನೇ?"

"ಒಂದು ಗಂಟೆ ಕೊಡಿ ಸರ್, ಇನ್ನೊಮ್ಮೆ ನೋಡುತ್ತೇನೆ" ಅನ್ನಬಹುದಿತ್ತು. ನನಗೂ ಒಳಗೊಳಗೆ ಸಮಾಧಾನ ಇರಲಿಲ್ಲ. ಆದರೆ ಅಷ್ಟು ಜನರ ಮುಂದೆ ಗೊತ್ತಿಲ್ಲ ಅನ್ನಲು ಮನಸ್ಸು ಬರಲಿಲ್ಲ. "ಹೌದು ಸರ್, ಕೌಂಟ್ ಟ್ಯಾಲಿ ಆಗಿದೆ" ಅಂದೆ. ಬೈಯರ್ ನನ್ನನ್ನೇ ಒಂದು ಕ್ಷಣ ನೋಡಿದರು. ಆಮೇಲೆ ತಮ್ಮ ನೋಟ್‌ಬುಕ್ ಮುಚ್ಚಿದರು. ಓಟಿಬಿ ಮೈನಸ್ ಇದ್ದರೆ ಕಟ್ ಮಾಡಲೇಬೇಕು ಅನ್ನುವುದು ನಮ್ಮಲ್ಲಿ ನಿಯಮ. ದೊಡ್ಡ ಕ್ವಾಂಟಿಟಿಯ ಮೂರು ಪಿಒ ತೆಗೆದರೆ ಸರಿಹೋಗುತ್ತದೆ ಎಂದು ಅಲ್ಲೇ ತೀರ್ಮಾನ ಆಯಿತು. ಕಪ್ಪು, ಆಫ್-ವೈಟ್, ನೇವಿ. ಹತ್ತೂಕಾಲಿಗೆ ಸೋರ್ಸಿಂಗ್‌ನಿಂದ ವೆಂಡರಿಗೆ ಮೇಲ್ ಹೋಯಿತು.

ಹನ್ನೊಂದೂವರೆಗೆ ಪ್ಲಾನರ್ ಒಬ್ಬರು ಸೈಜ್ ಕರ್ವ್ (ಯಾವ ಸೈಜ್ ಎಷ್ಟು ಪಾಲು ಅನ್ನುವುದು) ವಿಚಾರಕ್ಕೆ ಬಂದರು. ಅದಕ್ಕೂ ಇದಕ್ಕೂ ಸಂಬಂಧ ಇರಲಿಲ್ಲ. ಅವರಿಗೆ ತೋರಿಸೋಣ ಅಂತ ನಿಟ್‌ವೇರ್ ಆಪ್ಷನ್ ಲಿಸ್ಟನ್ನು ಎಕ್ಸೆಲಿಗೆ ತೆಗೆದೆ. ಒಂದು ಸ್ಟೈಲ್ ಒಂದು ಬಣ್ಣದಲ್ಲಿ ಅಂದರೆ ಒಂದು ಆಪ್ಷನ್. ಕ್ರೂ ನೆಕ್, ನೇವಿ, 31ನೇ ವಾರ, 2,400 ಪೀಸ್. ಅದರ ಕೆಳಗಿನ ಸಾಲು: ಕ್ರೂ ನೆಕ್, ನೇವಿ, 31ನೇ ವಾರ, 2,400 ಪೀಸ್. ಮೇಲಿನದು ಪ್ಲೇಸ್‌ಹೋಲ್ಡರ್, ಅಂದರೆ ಸ್ಟೈಲ್ ನಂಬರ್ ಬರುವವರೆಗಿನ ತಾತ್ಕಾಲಿಕ ಗುರುತು. ಕೆಳಗಿನದು ಇಆರ್‌ಪಿಯ ಸ್ಟೈಲ್ ನಂಬರ್. ಕಲರ್ ಕೋಡ್ ಕಾಲಂನಲ್ಲಿ ಕೆಳಗಿನ ಸಾಲಿನ 041 ಎಡಗಡೆಗೆ ಅಂಟಿಕೊಂಡಿತ್ತು. ಮೇಲಿನ ಸಾಲಿನಲ್ಲಿ ಬರೀ 41, ಅದು ಬಲಗಡೆಗೆ. ಎಕ್ಸೆಲ್‌ನಲ್ಲಿ ಕೆಲಸ ಮಾಡುವ ಯಾರಿಗಾದರೂ ಇದರ ಅರ್ಥ ಗೊತ್ತು. ಒಂದು ಟೆಕ್ಸ್ಟ್, ಇನ್ನೊಂದು ನಂಬರ್.

ಕೈ ತಣ್ಣಗಾಯಿತು. ಪ್ಲಾನರ್ ಏನೋ ಕೇಳುತ್ತಿದ್ದರು, ಒಂದೂ ಕಿವಿಗೆ ಬೀಳಲಿಲ್ಲ.

ಆಗಿದ್ದು ಇಷ್ಟು. ಫೈನಾನ್ಷಿಯಲ್ ಪ್ಲಾನಿನಿಂದ ಟಾರ್ಗೆಟ್ ಇಳಿದು ಅಸಾರ್ಟ್‌ಮೆಂಟ್ ಟೂಲಿಗೆ (ಯಾವ ಬಟ್ಟೆ, ಯಾವ ಬಣ್ಣ, ಎಷ್ಟು ಅಂತ ಆರಿಸುವ ಸಾಫ್ಟ್‌ವೇರ್) ಬರುತ್ತದೆ. ಅಲ್ಲಿ ಬಟ್ಟೆಗೆ ಇನ್ನೂ ಸ್ಟೈಲ್ ನಂಬರ್ ಹುಟ್ಟಿರುವುದಿಲ್ಲ, ಪ್ಲೇಸ್‌ಹೋಲ್ಡರ್ ಹಾಕಿ ಪೀಸ್ ಲೆಕ್ಕ ಬರೆಯುತ್ತಾರೆ. ಡಿಸೈನ್ ಪಿಎಲ್‌ಎಂನಲ್ಲಿ (ಡಿಸೈನ್ ವಿವರ ಇಡುವ ಸಿಸ್ಟಂ) ಪಕ್ಕಾ ಆದಮೇಲೆ ಇಆರ್‌ಪಿ ನಂಬರ್ ಕೊಡುತ್ತದೆ, ಪಿಒ ಆಗುತ್ತದೆ, ಆನ್-ಆರ್ಡರ್ ಆಗಿ ಮತ್ತೆ ಪ್ಲಾನಿಂಗಿಗೇ ವಾಪಸ್ ಬರುತ್ತದೆ. ಆಗ ಹಳೆಯ ಪ್ಲೇಸ್‌ಹೋಲ್ಡರ್ ಸೊನ್ನೆ ಆಗಬೇಕು. ಆ ಎರಡನ್ನೂ ಜೋಡಿಸುವ ಕೀ ಅಂದರೆ ಪ್ಲೇಸ್‌ಹೋಲ್ಡರ್ ಐಡಿ ಜೊತೆಗೆ ಕಲರ್ ಕೋಡ್.

ಓಟಿಬಿ ಲೆಕ್ಕ ಈ ಕೆಲಸದಲ್ಲಿರುವ ಎಲ್ಲರಿಗೂ ಗೊತ್ತಿರುವಂಥದ್ದೇ. ಮಾರಾಟದ ಪ್ಲಾನ್, ಮಾರ್ಕ್‌ಡೌನ್ (ಬೆಲೆ ಇಳಿಕೆ), ತಿಂಗಳ ಕೊನೆಗೆ ಬೇಕಾದ ಸ್ಟಾಕ್ ಕೂಡಬೇಕು. ತಿಂಗಳ ಶುರುವಿನ ಸ್ಟಾಕ್, ಆನ್-ಆರ್ಡರ್ ಕಳೆಯಬೇಕು. ನಮ್ಮಲ್ಲಿ ಅಪ್ರೂವ್ ಆಗಿ ಇನ್ನೂ ಆರ್ಡರ್ ಆಗದ ಪ್ಲೇಸ್‌ಹೋಲ್ಡರನ್ನೂ ಕಳೆಯುತ್ತೇವೆ. 41ಕ್ಕೆ 041 ಸಿಗಲಿಲ್ಲ. ಸಿಗದಿದ್ದಾಗ ಜಾಬ್ ಅದನ್ನು ತಪ್ಪು ಅಂತ ಎತ್ತಿ ತೋರಿಸಲಿಲ್ಲ, "ಇನ್ನೂ ಆರ್ಡರ್ ಆಗಿಲ್ಲ" ಅಂತ ಹಾಗೇ ಬಿಟ್ಟಿತು. ಆರ್ಡರ್ ಆಗದ ಪ್ಲೇಸ್‌ಹೋಲ್ಡರ್ ಇರುವುದು ದಿನಾ ಸಹಜ, ಅಲ್ವಾ? ಹಾಗಾಗಿ ರಿಜೆಕ್ಟ್ ಸೊನ್ನೆ. ಒಂದೇ ಸ್ವೆಟರ್ ಎರಡು ಹೆಸರಲ್ಲಿ ಎರಡು ಸಲ ಕಳೆದುಹೋಯಿತು. ಅದೂ ನಮ್ಮಲ್ಲಿ ಸೊನ್ನೆಯಿಂದ ಶುರುವಾಗುವ ಕೋಡ್ ಇರುವುದು ಮೂಲ ಬಣ್ಣಗಳಿಗೆ. ಕಪ್ಪು 001, ಆಫ್-ವೈಟ್ 012, ನೇವಿ 041. ಜಾಸ್ತಿ ಪೀಸ್ ಇರುವುದು ಅವುಗಳಲ್ಲೇ. ಮಸ್ಟರ್ಡ್, ವೈನ್ ಎಲ್ಲ ಸರಿಯಾಗಿ ಜೋಡಿಯಾಗಿದ್ದವು.

ಎಕ್ಸೆಲ್ ಮಧ್ಯೆ ಬಂದಿದ್ದು ಹೇಗೆ ಅನ್ನುವುದೇ ನನಗೆ ಜಾಸ್ತಿ ನೋವಿನ ವಿಷಯ. ಬೈಯಿಂಗ್ ಸೀಸನ್ ನಡುವೆಯೇ ಪಿಎಲ್‌ಎಂ ಅಪ್‌ಗ್ರೇಡ್ ಇಟ್ಟುಕೊಂಡರು. ಬೇಡ, ಆರ್ಡರ್ ಮುಗಿಯಲಿ ಅಂತ ನಾವು ಮೂರು ಜನ ಹೇಳಿದ್ದೆವು. ಕೇಳಲಿಲ್ಲ. ಅಪ್‌ಗ್ರೇಡ್ ಆದಮೇಲೆ ಅಸಾರ್ಟ್‌ಮೆಂಟ್ ಟೂಲಿಗೆ ಹೋಗುವ ಕನೆಕ್ಷನ್ ನಿಂತಿತು. ಎರಡು ವಾರದ ಮಟ್ಟಿಗೆ ಅಂತ ಪ್ರಾಡಕ್ಟ್ ಟೀಮಿನಿಂದ ಸಿಎಸ್‌ವಿ ಫೈಲ್ ತರಿಸಿಕೊಳ್ಳಲು ಶುರು ಮಾಡಿದೆವು. ಅವರು ಅದನ್ನು ಎಕ್ಸೆಲ್‌ನಲ್ಲಿ ತೆರೆದು ತಿದ್ದಿ ಸೇವ್ ಮಾಡುತ್ತಿದ್ದರು. ಎಕ್ಸೆಲ್ 041 ಅನ್ನು ನಂಬರ್ ಅಂತ ಓದಿ 41 ಮಾಡಿತು, ಸೊನ್ನೆ ಬಿದ್ದುಹೋಗಿದ್ದು ಅಲ್ಲಿ. ಆ ವ್ಯವಸ್ಥೆಗೆ ಓಕೆ ಹೇಳಿದ್ದು ನಾನೇ. ನನ್ನ ಜೊತೆ ಕೆಲಸ ಮಾಡುವ ಹುಡುಗಿ, "ಕೋಡ್ ಮೂರಂಕಿ ಇದೆಯಾ ಅಂತ ಒಂದು ಚೆಕ್ ಹಾಕೋಣವಾ?" ಅಂತ ಕೇಳಿದ್ದಳು. ಎರಡು ವಾರಕ್ಕೆ ಯಾಕೆ ಸುಮ್ನೆ ಅಂದಿದ್ದೆ. ಆ ಎರಡು ವಾರ ಹನ್ನೊಂದು ವಾರ ಆಯಿತು.

ಲ್ಯಾಪ್‌ಟಾಪ್ ಹಾಗೇ ಎತ್ತಿಕೊಂಡು ಬೈಯರ್ ಹತ್ತಿರ ಓಡಿದೆ. ಎರಡು ಸಾಲು ತೋರಿಸಿದೆ. ತಪ್ಪು ನನ್ನದು, ನಿಮ್ಮ ಲೆಕ್ಕವೇ ಸರಿ ಅಂದೆ. ಅವರು ಬೈಯಲಿಲ್ಲ. "ಮೊದಲು ವೆಂಡರಿಗೆ ಫೋನ್ ಮಾಡಿಸಿ" ಅಂದರು. ಸೋರ್ಸಿಂಗ್‌ನವರು ಕರೆ ಮಾಡಿದರು. ಕಪ್ಪು, ಆಫ್-ವೈಟ್ ಹಾಗೇ ಉಳಿದವು. ನೇವಿಗೆ ಇಟ್ಟಿದ್ದ ಮಷೀನ್ ಸ್ಲಾಟ್ ಅಷ್ಟರಲ್ಲಿ ಬೇರೆಯವರಿಗೆ ಹೋಗಿತ್ತು. ಎರಡು ಗಂಟೆಯೂ ಆಗಿರಲಿಲ್ಲ. ಡೆಲಿವರಿ ಮೂರು ವಾರ ಮುಂದಕ್ಕೆ ಹೋಯಿತು. ಸೆಪ್ಟೆಂಬರ್‌ನಲ್ಲಿ ಸರಕು ಹಂಚುವ ಅಲೊಕೇಷನ್‌ನವರು ಅಂಗಡಿಗಳಿಗೆ ನೇವಿ ಇಲ್ಲದೆಯೇ ಆ ಸೆಟ್ ಕಳಿಸಿದರು. ಡಬ್ಲ್ಯೂಎಸ್‌ಎಸ್‌ಐನಲ್ಲಿ (ವಾರವಾರದ ಮಾರಾಟ, ಸ್ಟಾಕ್, ಒಳಬರುವ ಸರಕಿನ ಪಟ್ಟಿ) 31, 32, 33ನೇ ವಾರ ನೇವಿ ಸಾಲಿನಲ್ಲಿ ಸೊನ್ನೆಗಳನ್ನು ನೋಡುವಾಗ ಪ್ರತಿ ಸಲ ಆ ಮೀಟಿಂಗ್ ನೆನಪಾಗುತ್ತಿತ್ತು.

ಅದೇ ವಾರ ಎರಡು ಚೆಕ್ ಹಾಕಿದೆವು. ಕಲರ್ ಕೋಡ್ ಮೂರಂಕಿ ಇಲ್ಲದಿದ್ದರೆ ಫೈಲ್ ಒಳಗೇ ಬರುವುದಿಲ್ಲ. ಇನ್ನೊಂದು, ಪ್ರತಿ ಆಪ್ಷನ್‌ಗೆ ಆನ್-ಆರ್ಡರ್ ಮತ್ತು ಪ್ಲೇಸ್‌ಹೋಲ್ಡರ್ ಕೂಡಿದರೆ ಅಪ್ರೂವ್ ಆದ ಪೀಸಿಗಿಂತ ಜಾಸ್ತಿ ಬಂದರೆ ಓಟಿಬಿ ಪಬ್ಲಿಷ್ ಆಗುವುದಿಲ್ಲ. ಎರಡನೆಯದನ್ನು ಬರೆಯಲು ಅರ್ಧ ದಿನ ಸಾಕಾಯಿತು. ಮೊದಲೇ ಇದ್ದಿದ್ದರೆ ಭಾನುವಾರ ರಾತ್ರಿಯೇ ಬ್ಯಾಚ್ ನಿಲ್ಲುತ್ತಿತ್ತು. ಸಾಲುಗಳ ಎಣಿಕೆ ಹೇಳುವುದು ಫೈಲ್ ತಲುಪಿತೋ ಇಲ್ಲವೋ ಅನ್ನುವುದನ್ನು ಮಾತ್ರ. ನಾನು ಅದರ ಮೇಲೆ ಮೂರು ಪಿಒ ಕಟ್ ಮಾಡಿಸಿದ್ದೆ. ಮ್ಯಾನೇಜ್‌ಮೆಂಟ್ ಹತ್ತಿರ ನಾವು ಕೇಳಿದ ಇನ್ನೊಂದು ವಿಷಯ ಇನ್ನೂ ಆಗಿಲ್ಲ. ಪಿಎಲ್‌ಎಂಗೆ ಒಬ್ಬ ಓನರ್ ಇದ್ದಾರೆ, ಇಆರ್‌ಪಿಗೆ ಇದ್ದಾರೆ, ಪ್ಲಾನಿಂಗಿಗೆ ನಾನಿದ್ದೇನೆ. ಇವುಗಳ ಮಧ್ಯೆ ಹರಿಯುವ ಫೈಲ್‌ಗೆ ಯಾರು ಹೊಣೆ ಅಂತ ಇವತ್ತಿಗೂ ಬರೆದಿಟ್ಟಿಲ್ಲ.

ಮುಂದಿನ ಸೋಮವಾರ ಎಂಟೂಕಾಲಿಗೆ ನಾನು ಸ್ಕ್ರೀನ್ ತೆಗೆಯುವ ಹೊತ್ತಿಗೆ ಬೈಯರ್ ಆಗಲೇ ಬಂದಿದ್ದರು. ನೋಟ್‌ಬುಕ್ ಕೈಯಲ್ಲಿತ್ತು. ಕುರ್ಚಿ ಎಳೆದುಕೊಂಡು ಪಕ್ಕ ಕೂತು, "ನಾನು ಓದುತ್ತಾ ಹೋಗುತ್ತೇನೆ, ನೀವು ನೋಡಿ" ಅಂದರು. ಪಿಒ ರಿಲೀಸ್ ಆದ ವಾರ ಈಗಲೂ ಹೀಗೇ ಮಾಡುತ್ತೇವೆ. ದೊಡ್ಡ ಹತ್ತು ಆಪ್ಷನ್, ಅವರ ಕೈಬರಹದ ಪೀಸ್ ಲೆಕ್ಕ, ನನ್ನ ಸ್ಕ್ರೀನ್. ಕಾಲು ಗಂಟೆ ಹಿಡಿಯುತ್ತದೆ.