ಅರ್ಧಕ್ಕೆ ನಿಂತ ವೈಪರ್

ಆಷಾಢದ ಬೆಳಿಗ್ಗೆ ಏಳೂವರೆ. ಆಗುಂಬೆ ಘಾಟಿ ಶುರುವಾಗುವ ಮುಂಚೆ ರಸ್ತೆ ಪಕ್ಕದಲ್ಲಿ ಒಂದು ಬಿಳಿ ಕಾರು, ಒಳಗೆ ಯಾರೂ ಇಲ್ಲ. ನಾವು ಮುಟ್ಟುವಷ್ಟರಲ್ಲಿ ಚಹಾ ಅಂಗಡಿಯಲ್ಲಿ ಮೂರು ಕತೆ ತಯಾರಾಗಿದ್ದವು. ನಿನ್ನೆ ಸಂಜೆ ಸೂರ್ಯಾಸ್ತ ನೋಡಲು ಬಂದವನು ಕಾಲು ಜಾರಿ ಕಣಿವೆಗೆ ಬಿದ್ದ. ಅಲ್ಲ, ಯಾರೋ ಮುಗಿಸಿ ಕಾರು ಇಲ್ಲಿ ತಂದು ಬಿಟ್ಟರು. ಅದೂ ಅಲ್ಲ, ಸಾಲಗಾರ, ಬಸ್ಸು ಹತ್ತಿ ಉಡುಪಿ ಕಡೆ ಹೋದ. (ಆಷಾಢದ ಆಗುಂಬೆಯಲ್ಲಿ ಸೂರ್ಯ ಮುಳುಗುವುದನ್ನು ಕಂಡವರು ಯಾರೋ!)

ಒಬ್ಬ ಹುಡುಗ ಬಾಗಿಲಿಗೆ ಕೈ ಹಾಕಿದ್ದ. “ಏ ಮಾರಾಯ, ಮುಟ್ಬೇಡ, ಪೊಲೀಸ್ನೋರು ಬರ್ಲಿ” ಎಂದು ಹಿರಿಯರೊಬ್ಬರು ಗದರಿಸಿದರು. 112ಕ್ಕೆ ಫೋನು ಹೋಯಿತು. ಬರುವ ತನಕ ಗಾಜಿನ ಹೊರಗಿನಿಂದ ನೋಡಬಹುದು, ನಾಲ್ಕೂ ಕಡೆಯಿಂದ ಫೋಟೊ ತೆಗೆಯಬಹುದು, ಅಷ್ಟೇ.

ನೋಡಿದರೆ ವೈಪರ್ ಗಾಜಿನ ನಡುವೆ ನಿಂತಿತ್ತು. ಓಡುತ್ತಿರುವ ವೈಪರನ್ನು ಆಫ್ ಮಾಡದೆ ಕೀ ತಿರುಗಿಸಿದರೆ ಎಷ್ಟೋ ಗಾಡಿಗಳಲ್ಲಿ ಅದು ಇದ್ದಲ್ಲೇ ನಿಲ್ಲುತ್ತದೆ. ಕೆಲವು ಹೊಸ ಗಾಡಿಗಳಲ್ಲಿ ತಾನೇ ಕೆಳಗಿಳಿಯುತ್ತದೆ, ಅಲ್ಲಿ ಈ ಲೆಕ್ಕ ನಡೆಯದು. ಬಗ್ಗಿ ನೋಡಿದರೆ ಕಾರಿನಡಿಯ ಡಾಂಬರೂ ಒದ್ದೆ. ಇಳಿಜಾರಾಗಿದ್ದರೆ ನೀರು ಹರಿದು ಬಂದದ್ದು ಎನ್ನಬಹುದಿತ್ತು, ಜಾಗ ಮಟ್ಟಸವಾಗಿತ್ತು. ಅಂದರೆ ಕಾರು ಬಂದದ್ದು ಮಳೆಯಲ್ಲೇ. ಹಿಂದಿನ ದಿನ ಮಧ್ಯಾಹ್ನದಿಂದಲೇ ಹೊಳವಾಗಿತ್ತು, ಮಳೆ ಮತ್ತೆ ಹಿಡಿದದ್ದು ರಾತ್ರಿ ಹತ್ತರ ಮೇಲೆ. ಸೂರ್ಯಾಸ್ತದ ಕತೆ ಅಲ್ಲಿಗೇ ಬಿತ್ತು.

ಸೀಟಿನದು ಇನ್ನೊಂದು. ಪೆಡಲಿನಿಂದ ಸೀಟು ಎಷ್ಟು ಹಿಂದಿದೆ, ಒಳಗಿನ ಕನ್ನಡಿ ಯಾವ ಕೋನದಲ್ಲಿದೆ ಎಂದು ನೋಡಿದರೆ ಕೊನೆಗೆ ಓಡಿಸಿದವರ ಎತ್ತರದ ಅಂದಾಜು ಸಿಗುತ್ತದೆ. ಆದರೆ ಗಾಡಿ ಸಾಗಿಸಲು ಬಂದವರು ಮೊದಲು ಮಾಡುವುದೇ ಸೀಟು ಸರಿಸಿ ಕೂರುವುದು. ಇಲ್ಲಿ ಸೀಟು ಪೂರ್ತಿ ಹಿಂದಕ್ಕಿತ್ತು. ಕಾರಿನವನೂ ಎತ್ತರದ ಆಳು ಎಂದು ಮನೆಯವರು ಹೇಳಿದರು. ಎರಡನೇ ಕತೆಯ ಬಲ ಕುಗ್ಗಿತು, ಸಾಯಲಿಲ್ಲ. ಎತ್ತರದವರು ಊರಲ್ಲಿ ಇನ್ನೂ ಇದ್ದಾರಲ್ಲ.

ಕಾರು ಸಿಕ್ಕ ಜಾಗವನ್ನೇ ಮನುಷ್ಯ ಹೋದ ಜಾಗ ಎಂದು ಹಿಡಿಯುವುದು ಹಳೆಯ ತಪ್ಪು. 1926ರ ಡಿಸೆಂಬರಿನಲ್ಲಿ ಪತ್ತೇದಾರಿ ಕಾದಂಬರಿಗಾರ್ತಿ ಅಗಾಥಾ ಕ್ರಿಸ್ಟಿಯ ಕಾರು ಇಂಗ್ಲೆಂಡಿನ ಸರ್ರೆಯಲ್ಲಿ ಸಿಕ್ಕಾಗ ಹತ್ತಿರದ ಕೊಳಗಳನ್ನೆಲ್ಲ ಜಾಲಾಡಿದರು. ಆಕೆ ನಾಪತ್ತೆಯಾದ 11 ದಿನಕ್ಕೆ ಸಿಕ್ಕಿದ್ದು ದೂರದ ಹ್ಯಾರೋಗೇಟಿನ ಹೋಟೆಲಿನಲ್ಲಿ, ಬೇರೆ ಹೆಸರಿನಲ್ಲಿ. ಯಾಕೆ ಹೋದರೆಂಬುದು ಇಂದಿಗೂ ಬರೀ ಊಹೆ.

ಮಧ್ಯಾಹ್ನ ಟವರ್ ಲೊಕೇಶನ್ ಬಂತು: ಫೋನು ಕೊನೆಗೆ ಹಿಡಿದದ್ದು ಘಾಟಿ ಕೆಳಗಿನ ಟವರ್. ಅಂಗಡಿಯಲ್ಲಿ ಬಸ್ಸಿನ ಕತೆಗೆ ಜೀವ ಬಂತು. ಆದರೆ ಘಾಟಿಯ ಅಂಚಿನಲ್ಲಿ ನಿಂತ ಫೋನಿಗೆ ಅಡ್ಡ ಗುಡ್ಡವಿಲ್ಲ, ಅದು ಇಲ್ಲಿಂದಲೇ ಕೆಳಗಿನ ಟವರ್ ಹಿಡಿಯುವುದುಂಟು. ಹಾಗಾಗಿ ಹುಡುಕಾಟ ಹಳ್ಳದ ಗುಂಟವೇ ನಡೆಯಿತು. ದಾರಿ ತಪ್ಪಿದವರು ನೀರಿನ ಜಾಡು ಹಿಡಿದು ಇಳಿಯುವುದುಂಟು. ಪಕ್ಕದವನ ಕಾಲು ಕಾಣುವಷ್ಟೇ ಅಂತರ, ಕಾಲಿಗೆ ಇಂಬಳ (ಜಿಗಣೆ) ಹತ್ತದಿರಲೆಂದು ಹೊಗೆಸೊಪ್ಪು, ಸುಣ್ಣ. ಎರಡು ದಿನ ಹುಡುಕಿದರೂ ಏನೂ ಸಿಗಲಿಲ್ಲ.

ಕಾರು ಈಗ ಠಾಣೆಯ ಕಾಂಪೌಂಡಿನಲ್ಲಿದೆ. ವೈಪರನ್ನು ಯಾರೋ ಕೆಳಗಿಳಿಸಿದ್ದಾರೆ.