ಒಂದು ಕೋವಿ ಪಡೆದಿದ್ದೇನೆ

ಮಲೆನಾಡಿನ ಒಂದು ಪೇಟೆಯ ಕೋವಿ ಅಂಗಡಿಯಲ್ಲಿ ನಾನು ಲೆಕ್ಕ ಬರೆಯುತ್ತೇನೆ. ಇಪ್ಪತ್ತು ವರ್ಷವಾಯಿತು. ಕೋವಿ ಅಂಗಡಿ ಅಂದ ಕೂಡಲೇ ಜನ ಏನೇನೋ ಅಂದುಕೊಳ್ಳುತ್ತಾರೆ. ನಮ್ಮಲ್ಲಿ ಸದ್ದು ಮಾಡುವುದು ಹಳೇ ಫ್ಯಾನ್ ಒಂದೇ. ಉಳಿದದ್ದೆಲ್ಲ ರಿಜಿಸ್ಟರು. ಬಂದ ಕೋವಿಗೆ, ಹೋದ ಕೋವಿಗೆ, ಗುಂಡಿನ ತೋಟೆಗೆ, ಠೇವಣಿಗೆ ಅಂತ ಬೇರೆ ಬೇರೆ.

2024ರ ಮಾರ್ಚ್ 16ರಂದು ಲೋಕಸಭೆ ಚುನಾವಣೆ ಘೋಷಣೆಯಾಯಿತು. ಚುನಾವಣೆ ಬಂತೆಂದರೆ ನಮ್ಮ ಕಡೆ ಕೋವಿಗಳೆಲ್ಲ ಅದು ಮುಗಿಯುವ ತನಕ ಠಾಣೆಗೆ ಹೋಗಿ ಕೂರುತ್ತವೆ. ತೋಟಕ್ಕೆ ಮಂಗ, ಹಂದಿ ಬರುವುದೇನೂ ನಿಲ್ಲುವುದಿಲ್ಲ, ಆ ಗೋಳು ಬೇರೆ. ಘೋಷಣೆಯಾಗಿ ನಾಲ್ಕೈದು ದಿನಕ್ಕೆ ಒಬ್ಬ ಗೌಡರು ಅಂಗಡಿಯ ಮೆಟ್ಟಿಲು ಹತ್ತಿ ಬಂದರು. ಎಂಬತ್ತರ ಹತ್ತಿರದ ವಯಸ್ಸು. ಅಡಿಕೆ ತೋಟದವರು.

"ಠಾಣೆಯಿಂದ ಫೋನಿನ ಮೇಲೆ ಫೋನು ಮಾರಾಯ. ಕೋವಿ ತಂದಿಡಿ ಅಂತಾರೆ. ಇಲ್ಲದ ಕೋವಿ ಎಲ್ಲಿಂದ ತರ್ಲಿ?"

"ನಮಗೇ ಮಾರಿದ್ರಲ್ಲ ಗೌಡ್ರೇ, ಚೀಟಿ ತೋರ್ಸಿ."

"ತೋರ್ಸಿದೆ. ಅದನ್ನ ನೋಡಿಯೇ ಇನ್ನೂ ಜಾಸ್ತಿ ಕೇಳೋಕೆ ಶುರು ಮಾಡಿದ್ರು."

ಅವರು ಕವರಿನಿಂದ ತೆಗೆದ ಚೀಟಿ ನನ್ನ ಕೈಬರಹದ್ದೇ. ಕ್ಯಾಲೆಂಡರ್ ಹಾಳೆಯ ಹಿಂಬದಿ. "ಗೌಡರಿಂದ ಒಂದು ಕೋವಿ ಪಡೆದಿದ್ದೇನೆ." ಕೆಳಗೆ 2017ರ ಒಂದು ತಾರೀಕು, ನನ್ನ ಸಹಿ. ಅಂಗಡಿಯ ಸೀಲಿಲ್ಲ, ಕೋವಿಯ ನಂಬರಿಲ್ಲ, ಪರವಾನಗಿ ನಂಬರೂ ಇಲ್ಲ. ಆ ದಿನ ಬಿಲ್ ಪುಸ್ತಕ ಮುಗಿದಿತ್ತು. ಪಕ್ಕಾ ರಸೀದಿ ಆಮೇಲೆ ಕೊಡ್ತೇನೆ ಅಂದಿದ್ದೆ. ಅವರು ಬರಲಿಲ್ಲ, ನಾನೂ ಕರೆಯಲಿಲ್ಲ.

ಠಾಣೆಯ ರೈಟರ್ ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಗೌಡರ ಪರವಾನಗಿ ಪುಸ್ತಕದಲ್ಲಿ ಎರಡು ಕೋವಿ ಇತ್ತು. ಒಂದು ಒಂಟಿ ನಳಿಕೆಯ ತೋಟೆ ಕೋವಿ. ಇನ್ನೊಂದು ಅವರ ಅಪ್ಪನ ಕಾಲದ ಕೇಪಿನ ಕೋವಿ, ನಳಿಕೆಗೆ ಮದ್ದು ತುಂಬಿ ಹೊಡೆಯುವಂಥದ್ದು. ಚೀಟಿಯಲ್ಲಿ ಇದ್ದದ್ದು "ಒಂದು ಕೋವಿ". ಯಾವುದು? ಇನ್ನೊಂದೆಲ್ಲಿ?

"ಲೈಸೆನ್ಸೇ ಮುಗ್ದು ಹೋಗಿದೆಯಲ್ಲ, ಇನ್ನೆಂಥ ಲೆಕ್ಕ?" ಅಂದರು ಗೌಡರು. ಇದನ್ನು ನಾನು ವರ್ಷಕ್ಕೆ ಹತ್ತು ಸಲವಾದರೂ ಕೇಳುತ್ತೇನೆ. ನಿಜ, ಅವರ ಪರವಾನಗಿ 2018ಕ್ಕೇ ಮುಗಿದಿತ್ತು. ಯುಐಎನ್ ಅಂತ ಒಂದು ಗುರುತಿನ ಸಂಖ್ಯೆ ಬಂತಲ್ಲ, ಅದನ್ನೂ ಅವರು ಮಾಡಿಸಿರಲಿಲ್ಲ. ಆದರೆ ಪರವಾನಗಿ ಮುಗಿದರೆ ಕೋವಿ ಇಲ್ಲ ಅಂತ ಆಗುವುದಿಲ್ಲ. ಪಟ್ಟಿಯಲ್ಲಿ ಕೋವಿ ಇದೆ, ಪರವಾನಗಿ ಇಲ್ಲ ಅಂದರೆ ಕಾಗದದ ಪ್ರಕಾರ ಅದು ಅಕ್ರಮ ಕೋವಿ. ಸುಮ್ಮನೆ ಬಿಟ್ಟದ್ದರಿಂದ ಪಾಪ ಗೌಡರ ಸ್ಥಿತಿ ಇನ್ನೂ ಕೆಟ್ಟಿತ್ತು.

ಕೋವಿ ಇಲ್ಲ ಅನ್ನುವುದಕ್ಕೆ ಯಾರೂ ಸರ್ಟಿಫಿಕೇಟು ಕೊಡುವುದಿಲ್ಲ. ಮನೆ ಜಾಲಾಡಿ ಸಿಗಲಿಲ್ಲ ಅಂದರೂ ಅಷ್ಟೇ, ಕಾಡಂಚಿನ ಮನೆಯಲ್ಲಿ ಮುಚ್ಚಿಡಲು ಜಾಗಕ್ಕೇನು ಬರ. ತೋರಿಸಬಹುದಾದದ್ದು ಒಂದೇ. ಇಂಥ ನಂಬರಿನ ಕೋವಿ ಇಂಥ ದಿನ ಇಂಥ ಕಡೆ ಹೋಯಿತು ಅಂತ.

ತೋಟೆ ಕೋವಿಯದ್ದು ಬೇಗ ಸಿಕ್ಕಿತು. ಚೀಟಿಯಲ್ಲಿ ಸೋಮಾರಿತನ ಮಾಡಿದ್ದೆ, ರಿಜಿಸ್ಟರಿನಲ್ಲಿ ಮಾಡಿರಲಿಲ್ಲ. ನಂಬರು, ಬಂದ ತಾರೀಕು, ಮುಂದೆ ಅದನ್ನು ಕೊಂಡವರ ಪರವಾನಗಿ ವಿವರ ಎಲ್ಲ ಇತ್ತು. ಇನ್ನೊಂದು ಕಾಗದವೂ ಸಿಕ್ಕಿತು. ತನ್ನ ಕೋವಿ ಮಾರುವವರು ಕನಿಷ್ಠ 45 ದಿನ ಮೊದಲು ಡಿಸಿಗೋ ಹತ್ತಿರದ ಠಾಣೆಗೋ ಬರೆದು ತಿಳಿಸಬೇಕು ಅಂತ 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿದೆ. ಗೌಡರು ಕೊಟ್ಟಿದ್ದ ಆ ಅರ್ಜಿಯ ಪ್ರತಿ ಠಾಣೆಯ ಸೀಲಿನ ಸಮೇತ ನಮ್ಮ ಫೈಲಿನಲ್ಲಿತ್ತು. ಅದು ನಮ್ಮ ಯಜಮಾನರ ಚಾಳಿ. ಸೀಲು ಬಿದ್ದ ಪ್ರತಿ ಕೈಗೆ ಬರದೆ ಅವರು ಕೋವಿ ಮುಟ್ಟುವುದಿಲ್ಲ. ಅವರನ್ನು ಎಷ್ಟು ಸಲ ಒಳಗೊಳಗೇ ಬೈದುಕೊಂಡಿದ್ದೆನೋ.

ಕೇಪಿನ ಕೋವಿಯ ಕಥೆ ಉದ್ದ. "ಅದನ್ನ ಠಾಣೆಗೆ ಕೊಟ್ಟಾಗಿದೆ" ಅಂತ ಗೌಡರು ಗಟ್ಟಿಯಾಗಿ ಹೇಳುತ್ತಿದ್ದರು. 2013ರ ವಿಧಾನಸಭೆ ಚುನಾವಣೆಗೆ ಎರಡನ್ನೂ ಒಯ್ದಿದ್ದಾರೆ. ಮುಗಿದ ಮೇಲೆ ಒಂದನ್ನು ಮಾತ್ರ ವಾಪಸ್ ತಂದಿದ್ದಾರೆ. "ಕುದುರೆ ಮುರಿದಿತ್ತು. ಇದು ಬೇಡ, ನೀವೇ ಇಟ್ಕಳಿ ಅಂದೆ. ಆಯ್ತು ಅಂದ್ರು." ಕುದುರೆ ಅಂದರೆ ಕೇಪಿನ ಮೇಲೆ ಬಡಿಯುವ ಭಾಗ. ರಸೀದಿ? ಗೆದ್ದಲಿನ ಹೊಟ್ಟೆಗೆ ಹೋಗಿತ್ತು. ಆಯ್ತು ಅಂದವರು ಯಾವಾಗಲೋ ವರ್ಗವಾಗಿ ಹೋಗಿದ್ದರು.

ಮರುದಿನ ನಾನೂ ಠಾಣೆಗೆ ಹೋದೆ. ರೈಟರ್ ಎರಡು ದಿನ ತೆಗೆದುಕೊಂಡು ಹಳೇ ರಿಜಿಸ್ಟರ್ ಹುಡುಕಿದರು. ಸಿಕ್ಕಿತು. ಆದರೆ ಅದರಲ್ಲಿ ಇದ್ದದ್ದು "ಠೇವಣಿ". ಹಿಂದಿರುಗಿಸಿದ ಕಾಲಂ ಖಾಲಿ. ಕೋವಿ ಅವರ ಕೋಣೆಯ ಮೂಲೆಯಲ್ಲೇ ಇತ್ತು, ಕುತ್ತಿಗೆಗೆ ಚೀಟಿ ಕಟ್ಟಿಕೊಂಡು. ಅಂದರೆ ನನಗೆ ಕೋವಿಯೇ ಇಲ್ಲ ಅಂತ ಏಳು ವರ್ಷ ನಂಬಿದ್ದ ಗೌಡರಿಗೆ ಅಷ್ಟೂ ವರ್ಷ ಒಂದು ಕೋವಿ ಇತ್ತು!

ಠೇವಣಿ ಇಡುವುದೂ ಬಿಟ್ಟು ಕೊಡುವುದೂ ಒಂದೇ ಅಲ್ಲ. ಠಾಣೆಯಲ್ಲಾಗಲಿ, ನಮ್ಮಂಥ ಪರವಾನಗಿ ಇರುವ ಅಂಗಡಿಯಲ್ಲಾಗಲಿ ಇಟ್ಟ ಕೋವಿ ಇಟ್ಟವರದ್ದೇ. ನಮ್ಮ ಕಪಾಟಿನಲ್ಲಿದೆ ಅಷ್ಟೇ. ಬೇಡ ಅಂದರೆ ಹಕ್ಕು ಬಿಡುತ್ತೇನೆ ಅಂತ ಬರೆದು ಕೊಡಬೇಕು. ಪರವಾನಗಿ ಪುಸ್ತಕದಿಂದ ಅದನ್ನು ತೆಗೆಸಬೇಕು. ಬಾಯಿಮಾತಿನ "ಇಟ್ಕಳಿ" ಯಾವ ಕಾಲಂನಲ್ಲೂ ಕೂರುವುದಿಲ್ಲ.

ಕೊನೆಗೆ ಡಿಸಿ ಕಚೇರಿಗೆ ಅರ್ಜಿ ಹಾಕಿದೆವು. ಮೂಲ ಪರವಾನಗಿ ಪುಸ್ತಕ, ರಿಜಿಸ್ಟರ್ ಪುಟದ ನಕಲು, ಸೀಲು ಹಾಕಿದ ಅಂಗಡಿಯ ಪತ್ರ, ಕೇಪಿನ ಕೋವಿಯ ಹಕ್ಕು ಬಿಟ್ಟ ಹೇಳಿಕೆ, ಠಾಣೆಯ ವರದಿ. ಅಷ್ಟರಲ್ಲಿ ಚುನಾವಣೆ ಮುಗಿದು ಜೂನ್ 4ಕ್ಕೆ ಫಲಿತಾಂಶವೂ ಬಂತು. ಪರವಾನಗಿ ರದ್ದಾಗಿದೆ, ಯಾವ ಆಯುಧವೂ ಬಾಕಿ ಇಲ್ಲ ಅಂತ ಹಿಂಬರಹ ಕೈಗೆ ಬಂದಾಗ ಮಳೆಗಾಲ ಅರ್ಧ ಕಳೆದಿತ್ತು. ಅದರ ಒಂದು ಪ್ರತಿ ಠಾಣೆಗೆ ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ ಅಂತ ಗೌಡರಿಗೆ ಮೂರು ಸಲ ಹೇಳಿದೆ. ಯಾಕೆಂದರೆ ಮುಂದಿನ ಚುನಾವಣೆಗೆ ಫೋನು ಬರುವುದು ಠಾಣೆಯ ಪಟ್ಟಿ ನೋಡಿ, ಡಿಸಿ ಕಚೇರಿಯ ಕಡತ ನೋಡಿ ಅಲ್ಲ.

ನನ್ನ ಕೆಲಸದಲ್ಲಿ ಬದಲಾದದ್ದೂ ಇದೆ. ಈಗ ಬಿಲ್ ಪುಸ್ತಕ ಇಲ್ಲದಿದ್ದರೆ ಕೋವಿ ಒಳಗೆ ತೆಗೆದುಕೊಳ್ಳುವುದಿಲ್ಲ, ಬೈದರೂ ಸರಿ. ನಂಬರನ್ನು ಪುಸ್ತಕ ನೋಡಿ ಬರೆಯುವುದಿಲ್ಲ, ಕೋವಿ ನೋಡಿಯೇ ಬರೆಯುತ್ತೇನೆ. ಸವೆದಿದ್ದರೆ ಸೀಮೆಸುಣ್ಣ ತಿಕ್ಕುತ್ತೇನೆ, ಅಂಕಿ ಎದ್ದು ಕಾಣುತ್ತದೆ. ರಸೀದಿಯಲ್ಲಿ ಮಾರಾಟವೋ ಠೇವಣಿಯೋ ದೊಡ್ಡದಾಗಿ ಬರೆದು ಓದಿ ಹೇಳುತ್ತೇನೆ.

ಆಮೇಲೆ ಹಳೇ ಠೇವಣಿ ರಿಜಿಸ್ಟರ್ ತೆಗೆದು ಕುಳಿತೆ. 2019ರ ಡಿಸೆಂಬರಿನಲ್ಲಿ ಕಾಯ್ದೆ ತಿದ್ದಿ, ಒಬ್ಬರಿಗೆ ಮೂರು ಕೋವಿ ಇದ್ದದ್ದನ್ನು ಎರಡಕ್ಕೆ ಇಳಿಸಿದರು. ಹೆಚ್ಚಿನದನ್ನು ಒಪ್ಪಿಸಲು ಒಂದು ವರ್ಷ ಗಡುವು. ಆ ವರ್ಷ ಮೂರನೇ ಕೋವಿ ಹೊತ್ತು ತಂದವರು ಬಹಳ. ಒಬ್ಬೊಬ್ಬರಿಗೇ ಫೋನ್ ಮಾಡಿದೆ. "ಅದನ್ನ ಕೊಟ್ಟಾಯ್ತಲ್ಲ?" ಅಂದವರೇ ಹೆಚ್ಚು. ಇಲ್ಲ, ಇನ್ನೂ ನಿಮ್ಮದೇ ಅಂದಾಗ ಒಬ್ಬರು ಖುಷಿಪಟ್ಟರು. ಉಳಿದವರು ಗಾಬರಿಯಾದರು.

ಗೌಡರ ಕೇಪಿನ ಕೋವಿಯನ್ನು ಗುರುತು ಹಿಡಿಯಲು ಠಾಣೆಯಲ್ಲಿ ಹೊರಗೆ ತಂದಿದ್ದರು. ಹಿಡಿಗೆ ಹಾಕಿದ್ದ ಹಿತ್ತಾಳೆ ಬಳೆ ಕಪ್ಪಾಗಿತ್ತು. ಗೌಡರು ಪಂಚೆಯ ತುದಿಯಲ್ಲಿ ಅದನ್ನು ಒರೆಸಿದರು, ಆಮೇಲೆ ಹಕ್ಕು ಬಿಟ್ಟ ಕಾಗದಕ್ಕೆ ಸಹಿ ಹಾಕಿದರು. ವಿಲೇವಾರಿ ಆದೇಶ ಇನ್ನೂ ಬಂದಿಲ್ಲ. ಪೇಟೆಗೆ ಬಂದಾಗಲೆಲ್ಲ ಅಂಗಡಿ ಬಾಗಿಲಲ್ಲಿ ನಿಂತು ಕೇಳುತ್ತಾರೆ, "ಅದು ಇನ್ನೂ ಅಲ್ಲೇ ಇದೆಯಾ ಮಾರಾಯ?"