ಕಾರ್ಪೆಟ್ಟಿನಲ್ಲಿ ಕೂತ ಹಳೇ ನಾಯಿ ಉಚ್ಚೆ: ಈವರೆಗೆ ಆದ ಕೆಲಸ

ಏಪ್ರಿಲ್ ಶುರು

ನಮ್ಮ ಮುದಿ ನಾಯಿ ರಾಣಿಗೆ ಕಿಡ್ನಿ ಕೆಟ್ಟ ಮೇಲೆ ಉಚ್ಚೆ ತಡೆಯಲು ಆಗುತ್ತಿರಲಿಲ್ಲ. ಪಾಪ, ಹಾಲ್‌ನ ಕಾರ್ಪೆಟ್ಟಿನ ಮೇಲೇ ಆಗಿಬಿಡುತ್ತಿತ್ತು. ಅವಳು ಹೋಗಿ ವರ್ಷದ ಮೇಲಾಯಿತು. ಈಗ ಮನೆಗೆ ಹೊಸ ಮರಿ ಬಂದಿದೆ. ಅದು ಸೀದಾ ಅವಳ ಜಾಗಕ್ಕೇ ಹೋಗಿ, ಮೂಸಿ, ಅಲ್ಲೇ ಹೊಯ್ಯುತ್ತದೆ. ನಮಗೆ ಬಾರದ ವಾಸನೆ ಅದಕ್ಕೆ ಬರುತ್ತಿದೆ. ಹಾಗಾಗಿ ಕಲೆಯ ಬಣ್ಣ ಆಮೇಲೆ, ಮೊದಲು ವಾಸನೆ ಹೋಗಬೇಕು.

ರಾತ್ರಿ ಲೈಟ್ ಆರಿಸಿ 395 ನ್ಯಾನೋಮೀಟರಿನ ಯುವಿ ಟಾರ್ಚ್ ಬಿಟ್ಟು ನೋಡಿದೆ. ಒಣಗಿದ ಉಚ್ಚೆ ಮಸುಕು ಹಳದಿಯಾಗಿ ಹೊಳೆಯುತ್ತದೆ. ಸೋಪಿನ ಪುಡಿ ಬಿದ್ದ ಕಡೆಯೂ ಹೊಳೆಯುತ್ತದೆ, ಆದರೆ ಅದು ನೀಲಿ. ಅನುಮಾನ ಬಂದಲ್ಲಿ ಬಗ್ಗಿ ಮೂಸಿದೆ. ಸುತ್ತ ಸೀಮೆಸುಣ್ಣದ ಗುರುತು ಹಾಕಿದೆ. ಹಗಲಲ್ಲಿ ಕಂಡಿದ್ದಕ್ಕಿಂತ ಜಾಸ್ತಿ ಇವೆ.

ಮಾರನೇ ದಿನ ಕಾರ್ಪೆಟ್ ಮಗುಚಿದೆ. ಹಿಂಭಾಗದ ಸೆಣಬಿನಲ್ಲಿ ಕಲೆ ಮೇಲಿನದಕ್ಕಿಂತ ಅಗಲವಾಗಿ ಹರಡಿದೆ. ಕೆಳಗಿನ ರೆಡ್ ಆಕ್ಸೈಡ್ ನೆಲದಲ್ಲೂ ಬಿಳಿ ಅಂಚಿನ ಗುರುತು. ಸಿಮೆಂಟು ನೀರು ಹೀರುತ್ತದೆ ಅಲ್ವಾ, ಉಚ್ಚೆಯನ್ನೂ ಹೀರಿದೆ. ಬರೀ ಮೇಲೆ ಉಜ್ಜಿದರೆ ಏನೂ ಆಗುವುದಿಲ್ಲ ಅನ್ನೋದು ಇಲ್ಲೇ ಗೊತ್ತಾಯಿತು.

ಉಚ್ಚೆಯ ಯೂರಿಯಾವನ್ನು ಬ್ಯಾಕ್ಟೀರಿಯಾಗಳು ಒಡೆದು ಅಮೋನಿಯಾ ಮಾಡುತ್ತವೆ. ಆ ಘಾಟು ನಿಧಾನವಾಗಿ ಗಾಳಿಗೆ ಹೋಗುತ್ತದೆ. ಉಪ್ಪು, ಪ್ರೋಟೀನು, ಸ್ವಲ್ಪ ಯೂರಿಕ್ ಆಮ್ಲ ಮಾತ್ರ ಎಳೆಗಳ ಬುಡದಲ್ಲೇ ಉಳಿಯುತ್ತವೆ. ಯೂರಿಕ್ ಆಮ್ಲ ನೀರಿನಲ್ಲಿ ಕರಗುವುದು ತೀರಾ ಕಡಿಮೆ. ಉಪ್ಪು ಮಳೆಗಾಲದಲ್ಲಿ ಗಾಳಿಯ ತೇವ ಎಳೆದುಕೊಳ್ಳುತ್ತದೆ. ಆಗ ವಾಸನೆ ಮತ್ತೆ ಏಳುತ್ತದೆ.

ಪಕ್ಕದ ಮನೆ ಆಂಟಿ, "ಬ್ಲೀಚಿಂಗ್ ಪೌಡರ್ ಹಾಕಿ ಉಜ್ಜಿಬಿಡಪ್ಪ" ಅಂದರು. "ಬೇಡ ಆಂಟಿ, ಅಮೋನಿಯಾ ಜೊತೆ ಸೇರಿದರೆ ಎದೆ ಸುಡುವ ಗಾಳಿ ಬರುತ್ತೆ, ನೀವೂ ಹಾಕಬೇಡಿ" ಅಂದೆ. ಇದನ್ನು ಎಲ್ಲರಿಗೂ ಹೇಳಬೇಕು ಅನ್ನಿಸುತ್ತದೆ. ಆ ಗಾಳಿಯ ಹೆಸರು ಕ್ಲೋರಮೈನ್, ಅದು ವಿಷ. ಫಿನಾಯಿಲ್ ಕೂಡ ಬೇಡ. ಅದು ತನ್ನ ವಾಸನೆಯನ್ನು ಮೇಲೆ ಹೊದಿಸುತ್ತದೆ ಅಷ್ಟೇ, ಮರಿಯ ಮೂಗು ಮೋಸ ಹೋಗುವುದಿಲ್ಲ.

ಏಪ್ರಿಲ್ ಮಧ್ಯ

ಎಂಜೈಮ್, ಅಂದರೆ ಕೊಳೆಯನ್ನು ಸಣ್ಣ ಸಣ್ಣದಾಗಿ ಒಡೆಯುವ ವಸ್ತು, ಇರುವ ಕ್ಲೀನರ್ ತರಿಸಿದೆ. ಸಾಕುಪ್ರಾಣಿಗಳ ಕಲೆಗೆಂದೇ ಇದು ಸಿಗುತ್ತದೆ. ನಮ್ಮದು ಪಾಲಿಪ್ರೊಪಿಲೀನ್ ಅನ್ನೋ ಪ್ಲಾಸ್ಟಿಕ್ ಎಳೆಯ ಕಾರ್ಪೆಟ್, ಅದಕ್ಕೇ ಧೈರ್ಯ. ಚಳ್ಳಕೆರೆ ಕಂಬಳಿ ಆಗಿದ್ದರೆ ಹಾಕುತ್ತಿರಲಿಲ್ಲ. ಉಣ್ಣೆಯೂ ಪ್ರೋಟೀನೇ, ಪ್ರೋಟೀನು ಕತ್ತರಿಸುವ ಎಂಜೈಮ್ ಅದನ್ನೂ ತಿನ್ನುತ್ತದೆ.

ಈ ಎಂಜೈಮ್ ಒದ್ದೆ ಇದ್ದಷ್ಟು ಹೊತ್ತು ಮಾತ್ರ ಕೆಲಸ ಮಾಡುತ್ತದೆ. ದಾವಣಗೆರೆಯ ಏಪ್ರಿಲ್ ಬಿಸಿಲಲ್ಲಿ ಏನು ತಾನೇ ಒದ್ದೆ ಉಳಿಯುತ್ತದೆ? ಪರೀಕ್ಷೆಗೆ ಎರಡು ಕಲೆ ಆರಿಸಿಕೊಂಡೆ. ಎರಡಕ್ಕೂ ಹಿಂದಿನ ಸೆಣಬಿನವರೆಗೆ ಇಳಿಯುವಂತೆ ಸುರಿದೆ. ಒಂದನ್ನು ಫ್ಯಾನ್ ಕೆಳಗೆ ಹಾಗೇ ಬಿಟ್ಟೆ. ಇನ್ನೊಂದರ ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿ ಅಂಚಿಗೆ ಭಾರ ಇಟ್ಟೆ. ತೆರೆದದ್ದು ಮಧ್ಯಾಹ್ನದೊಳಗೆ ಒಣಗಿತು. ಮುಚ್ಚಿದ್ದು ಮರುದಿನವೂ ಹಸಿಯಾಗಿತ್ತು. ಪೂರ್ತಿ ಒಣಗಿದ ಮೇಲೆ ಎರಡರ ಮೇಲೂ ನೀರು ಚಿಮುಕಿಸಿ ಮೂಸಿದೆ. ತೆರೆದಿಟ್ಟದ್ದು ಗಬ್ಬು ನಾತ. ಮುಚ್ಚಿಟ್ಟದ್ದರಲ್ಲಿ ಏನೂ ಇಲ್ಲ! ನಿಜಕ್ಕೂ ಖುಷಿಯಾಯಿತು. ಅವತ್ತಿನಿಂದ ಎಲ್ಲ ಕಲೆಗೂ ಮುಚ್ಚಳ ಕಡ್ಡಾಯ.

ಒಣಗುವಾಗ ಬುಡದ ಕೊಳೆ ನೀರಿನ ಜೊತೆ ಮೇಲೇರಿ ತುದಿಯಲ್ಲಿ ಹೊಸ ಕಲೆಯಾಗಿ ಕಾಣುತ್ತದೆ. ಅದಕ್ಕೆ ಹಳೇ ಪಂಚೆಯನ್ನು ಮಡಚಿ ಹಾಕಿ, ಮೇಲೆ ರುಬ್ಬುಗುಂಡು ಇಟ್ಟೆ. ಕೊಳೆಯೆಲ್ಲ ಪಂಚೆಗೆ ಬಂತು.

ಮೇ

ಈಗ ಬಣ್ಣದ ಸರದಿ. ಮೆಡಿಕಲ್ ಶಾಪಿನ ಹೈಡ್ರೋಜನ್ ಪೆರಾಕ್ಸೈಡ್ 6% ಇತ್ತು. ಅಷ್ಟೇ ನೀರು ಬೆರೆಸಿ 3% ಮಾಡಿದೆ. ದಿವಾನದ ಕೆಳಗೆ ಕಾಣದ ಕಡೆ ಹಾಕಿ ನೋಡಿದೆ, ಬಣ್ಣ ಬಿಡಲಿಲ್ಲ. ಎಂಜೈಮ್ ಕೆಲಸ ಮುಗಿದ ಮೇಲೆಯೇ ಇದನ್ನು ಹಾಕಬೇಕು, ಮೊದಲೇ ಹಾಕಿದರೆ ಎಂಜೈಮ್ ಸಾಯುತ್ತದೆ. ಹಳದಿ ತುಂಬಾ ತಿಳಿಯಾಗಿದೆ, ಪೂರ್ತಿ ಹೋಗಿಲ್ಲ. ನನಗೆ ಅಷ್ಟು ಸಾಕು.

ನೆಲಕ್ಕೂ ಎಂಜೈಮ್ ಹಾಕಿ ಮುಚ್ಚಿಟ್ಟೆ. ಅಲ್ಲಿ ವಿನೆಗರ್ ಬಳಸಲಿಲ್ಲ. ಹುಳಿ ಸಿಮೆಂಟನ್ನು ಕೊರೆಯುತ್ತದೆ, ರೆಡ್ ಆಕ್ಸೈಡಿನ ಹೊಳಪು ಹೋದರೆ ಮತ್ತೆ ಬರುವುದು ಕಷ್ಟ.

ಮೊನ್ನೆ ಸಂಜೆ ಗುಡುಗು ಮಳೆ ಬಂತು. ಕಿಟಕಿ ಹಾಕಿ, ಹಾಲ್ ಸೆಕೆಯಾಗುವವರೆಗೆ ಕಾದು ಮೂಸಿದೆ. ಬಾಗಿಲ ಪಕ್ಕದ ಮೂಲೆ ಒಂದು ಬಿಟ್ಟು ಉಳಿದ ಕಡೆ ವಾಸನೆ ಇಲ್ಲ. ಆ ಮೂಲೆಯಲ್ಲಿ ಸೆಣಬು ಕೊಳೆತು ಅಂಟು ಬಿಟ್ಟಿದೆ, ಇನ್ನು ತೊಳೆದು ಪ್ರಯೋಜನವಿಲ್ಲ. ಅಷ್ಟನ್ನು ಕತ್ತರಿಸಿ, ದಿವಾನದ ಕೆಳಗಿನ ತುಂಡನ್ನು ಅಲ್ಲಿಗೆ ಕೂರಿಸುತ್ತೇನೆ. ಕಾರ್ಪೆಟ್ ಕತ್ತರಿಸುವ ಚಾಕು ಈಗಾಗಲೇ ತಂದಿಟ್ಟಿದ್ದೇನೆ, ಜೂನ್ ಮಳೆ ಹಿಡಿಯುವ ಮುಂಚೆ ಮುಗಿಸಬೇಕು.